ಐದು ರೂಪಾಯಿ ದಂಡ

ವಡಾಲಾದ ರಾತ್ರಿಶಾಲೆಯ ಮೇಲ್ಮಹಡಿ. ತಿಂಗಳ ಮೂರನೆಯ ಭಾನುವಾರ.
ಕರಿಹಲಗೆಯ ಮೇಲೆ ಶನಿವಾರದ ಭಾಗಾಕಾರ,
ಅರ್ಧ ಅಳಿಸಿ ಉಳಿದ ಶೇಷ.
ಅದರ ಮೇಲೊಂದು ದಾರ, ದಾರಕ್ಕೆ ಬಟ್ಟೆಕ್ಲಿಪ್ಪು,
ಕ್ಲಿಪ್ಪಿಗೆ ನಮ್ಮ ನಮ್ಮ ಚಿತ್ರ,
ಒಗೆದು ಹರವಿದ ಹಾಗೆ.

ಮೇಜಿನ ಮೇಲೆ ಬೋರ್ನ್‌ವಿಟಾ ಡಬ್ಬಿ.
‘ಚೆನ್ನಾಗಿದೆ’ ಎಂದವರು ಅದಕ್ಕೆ ಐದು ರೂಪಾಯಿ ಹಾಕಬೇಕು.
ಅಚ್ಛಾ ಹೈ, ಛಾನ್ ಆಹೆ, ನೈಸ್,
ಯಾವ ಭಾಷೆಗೂ ರಿಯಾಯಿತಿ ಇಲ್ಲ.
ದೀನಾಜ್‌ಬಾಯಿಯ ಕಾಯಿದೆ:
ಮೊದಲು ಕಂಡದ್ದು ಹೇಳಿ. ಆಮೇಲೆ, ಕಣ್ಣು ಎಲ್ಲಿ ಎಡವಿತು, ಅದು.
ಚಿತ್ರ ತೆಗೆದವರು ತಮ್ಮ ಲೋಟದ ಚಹಾ ಮುಗಿಯುವ ತನಕ
ತುಟಿ ಬಿಚ್ಚುವಂತಿಲ್ಲ.

ದಂಡ ನನಗೆ ಹೊಸದಲ್ಲ.
ಹಾರ್ಬರ್ ಲೈನಿನಲ್ಲಿ ಮೂವತ್ತೊಂದು ವರ್ಷ
ಕರಿಕೋಟು ತೊಟ್ಟು ರಸೀದಿ ಹರಿದವನು;
ಟಿಕೆಟಿಲ್ಲದವನ ನಡಿಗೆಯನ್ನು
ಬೆನ್ನಿನಿಂದಲೇ ಓದಬಲ್ಲೆ.
ಹಾಗಾಗಿ ವರ್ಲಿ ಕೋಳಿವಾಡದ ವೃಷಾಲಿ ತಾಂಡೇಲ್
ಬಿರುಕುಬಿಟ್ಟ ಫೋನಿನಲ್ಲಿ ತೆಗೆದ ತನ್ನ ಆಯಿಯನ್ನು
ದಾರಕ್ಕೆ ಸಿಕ್ಕಿಸಿದ ದಿನ ಎದ್ದು ನಿಂತೆ:
ಸಮುದ್ರ ವಾರೆ. ಆಕಾಶ ಸುಟ್ಟಿದೆ.
ಬೊಂಬಿಲು ಒಣಹಾಕಿದ ಹಗ್ಗ ಹಣೆಯನ್ನೇ ಸೀಳಿದೆ.
ಮೂಲೆಯಲ್ಲಿ ನೀಲಿ ಬಾಲ್ದಿಗೇನು ಕೆಲಸ?
ಏಳು ತಪ್ಪು. ಬೆರಳು ಮಡಿಸಿ ಎಣಿಸಿದೆ.
ರಸೀದಿಯೊಂದೇ ಕಡಿಮೆ.

ಅವಳ ಚಹಾ ಕೆನೆಗಟ್ಟಿತು.
ಮುಂದಿನ ತಿಂಗಳು ಬರಲಿಲ್ಲ. ಅದರ ಮುಂದಿನ ತಿಂಗಳೂ.

ದೀನಾಜ್‌ಬಾಯಿ ಮೆಟ್ಟಿಲಿಳಿಯುತ್ತ, ಕಟಕಟೆ ಹಿಡಿದು ನಿಂತು:
“ಏಳೂ ನಿಜ, ಪೂಂಜರೇ. ಒಂದೂ ಸುಳ್ಳಲ್ಲ.
ಪರೇಲಿನ ಆಸ್ಪತ್ರೆಯಲ್ಲಿ ನಾನು ಎಕ್ಸ್‌ರೇ ತೆಗೆಯುತ್ತಿದ್ದವಳು.
ಮುರಿದ ಕೈಯನ್ನು ಪ್ಲೇಟಿನ ಮೇಲೆ ತಿರುಗಿಸಲೇಬೇಕು,
ಇಲ್ಲದಿದ್ದರೆ ಬಿರುಕು ಕಾಣದು.
ಎಷ್ಟು ತಿರುಗಿಸುತ್ತಿದ್ದೆ ಗೊತ್ತೆ?
ಅವರು ತಾಳುವಷ್ಟು.”

ಆಮೇಲೆ ನನ್ನ ಸರದಿ. ನಾಲ್ಕು ಚಿತ್ರ:
ಕಾಟನ್ ಗ್ರೀನ್, ರೇ ರೋಡ್, ಮತ್ತೆ ಕಾಟನ್ ಗ್ರೀನ್, ವಡಾಲಾ.
ಕಂಬಗಳ ನೆರಳು ಅಡಿಪಟ್ಟಿ ಇಟ್ಟು ಎಳೆದಷ್ಟು ನೇರ.
ಬಹಳ ಹೊತ್ತು ಯಾರೂ ಮಾತಾಡಲಿಲ್ಲ.
ಕೊನೆಗೆ ದರ್ಜಿ ಅಂತೋನಿಸಾಮಿ,
ತೋಳಿನ ಅಳತೆ ಹೇಳುವವನ ಹಾಗೆ, ಮೆಲ್ಲಗೆ:
“ಎಲ್ಲ ಬೆನ್ನು. ನಾಲ್ಕರಲ್ಲೂ.
ಒಬ್ಬರೂ ನಿಮ್ಮನ್ನು ನೋಡುತ್ತಿಲ್ಲ, ಸಾರ್.
ಹೆದರಿದ್ದಾರೋ?”

ಬಾಯಿ ತೆರೆದೆ. ಚಹಾ ಇನ್ನೂ ಅರ್ಧ ಇತ್ತು.
ಕಾಯಿದೆ ಕಾಯಿದೆಯೇ. ಮುಚ್ಚಿದೆ.
ಆ ಅರ್ಧ ಲೋಟ ಮನೆ ಮುಟ್ಟಿದರೂ ಮುಗಿಯಲಿಲ್ಲ.
ಮಾನ್‌ಖುರ್ದಿನ ತನಕ ಗಾಡಿಯಲ್ಲಿ ನಿಂತು
ಮುಖಗಳನ್ನು, ಬರಿಯ ಮುಖಗಳನ್ನು, ನೋಡುತ್ತ ಬಂದೆ.
ಕೋಟಿಲ್ಲ, ಬಿಲ್ಲೆಯಿಲ್ಲ, ನಿವೃತ್ತಿಯಾಗಿ ಎರಡು ವರ್ಷ;
ಆದರೂ ಎದುರಿನ ಮುದುಕ
ಜೇಬು ತಡಕಿ ಪಾಸು ತೆಗೆದು ತೋರಿಸಿದ.

ಮೊನ್ನೆ ಬಂದಳು ವೃಷಾಲಿ.
ಅದೇ ಆಯಿ. ಅದೇ ನೀಲಿ ಬಾಲ್ದಿ, ಈಗ ನಟ್ಟನಡುವೆ.
ಅದರೊಳಗೆ ಮೊಣಕೈವರೆಗೆ ತೋಳು ಮುಳುಗಿಸಿ, ತಲೆಯೆತ್ತಿ,
ಕ್ಯಾಮೆರಾಕ್ಕೇ ಬೈಯುತ್ತಿರುವ ಬಾಯಿ;
ಹಲ್ಲಸಂದಿಯ ಮಿಶ್ರಿಯೂ ಕಾಣುತ್ತದೆ.
ಸಮುದ್ರ ಇನ್ನೂ ವಾರೆ.
ಕಂಡದ್ದು ಹೇಳಬೇಕಿತ್ತು, ಮೊದಲು.
ಆಗಲಿಲ್ಲ.
ಹತ್ತರ ನೋಟು ಡಬ್ಬಿಗೆ ಹಾಕಿದೆ,
ಚಿಲ್ಲರೆ ಕೇಳಲಿಲ್ಲ.

ನಗಲಿಲ್ಲ ಹುಡುಗಿ. ಕ್ಲಿಪ್ಪು ಬಿಚ್ಚಿ ಚಿತ್ರ ಕೈಗಿಟ್ಟು,
“ದಂಡ ಸರಿ, ಕಾಕಾ. ಈಗ ತಪ್ಪು ಹೇಳಿ,” ಎಂದು
ಬಿಸಿ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ಕೂತಳು.

ಕಿಟಕಿಯ ಬಳಿ ಹೋದೆ. ಕೆಳಗೆ ಗಾಡಿ ಹಾಯುತ್ತಿತ್ತು.
ಚಿತ್ರವನ್ನು ಬೆಳಕಿನತ್ತ
ತುಸು, ಇನ್ನೂ ತುಸು
ತಿರುಗಿಸಿದೆ.