ಸೊನ್ನೆಯೂ ಲೆಕ್ಕವೇ

ಅಪ್ಪನ ಕಾಲಕ್ಕೆ ವಾಂಡಲ್ ಹೊಳೆ
ನೋಡಿದರೇ ವಾರ ತಿಳಿಯುತ್ತಿತ್ತು:
ಸೋಮವಾರ ಕೆಂಪು, ಮಂಗಳವಾರ ನೀಲಿ,
ಶುಕ್ರವಾರ ಯಾವುದೂ ಅಲ್ಲದ ಕಂದು,
ಬಣ್ಣದ ತೊಟ್ಟಿ ತೊಳೆದ ನೀರು.
ಆ ತೊಟ್ಟಿ ತೊಳೆಯುತ್ತಿದ್ದವನು ಅಪ್ಪ.

ಅದಕ್ಕೂ ಮುಂಚೆ, ಟೂಟಿಂಗ್ ಮಾರ್ಕೆಟ್ಟಿನಲ್ಲಿ,
ಹಾವುಮೀನು ಕುಯ್ದು ಮಾರುತ್ತಿದ್ದಳು ಅಜ್ಜಿ.
ತಲೆ ಹೋದಮೇಲೂ ಬೋಗುಣಿಯಲ್ಲಿ ಹೊರಳುತ್ತಿದ್ದವಂತೆ.
"ಸತ್ತದ್ದು ಅವಕ್ಕೆ ತಡವಾಗಿ ತಿಳಿಯುತ್ತೆ" ಅನ್ನುತ್ತಿದ್ದಳು.
ಹೊಳೆಗೂ ಹಾಗೇ ಆಯಿತು.

ಈಗ ನಾನು, ರೆಜ್ ಪರ್ಕಿಸ್, ಎಪ್ಪತ್ತೊಂದು,
ಎರಡೂ ಮಂಡಿ ರಿಪೇರಿಯಾದವನು,
ಸೊಂಟದವರೆಗೆ ರಬ್ಬರ್ ಬೂಟು ಏರಿಸಿ
ಹಳೇ ಗಿರಣಿಯ ಒಡ್ಡಿನ ಮಗ್ಗುಲಲ್ಲಿ ನಿಂತಿದ್ದೇನೆ.
ಎಷ್ಟೆತ್ತರ ಈ ಒಡ್ಡು? ನನ್ನ ಎದೆಮಟ್ಟ.
ಅಟ್ಲಾಂಟಿಕ್ ದಾಟಿ ಬಂದದ್ದಕ್ಕೆ
ನನ್ನ ಎದೆಮಟ್ಟ ದಾಟಲಾಗದು.

ಅದಕ್ಕೇ ಈ ಏಣಿ. ಏಣಿ ಅಂದರೆ ಏಣಿಯಲ್ಲ,
ಇಳಿಜಾರು ಹಲಗೆ, ಹಲಗೆಯ ತುಂಬ
ಬಚ್ಚಲು ತಿಕ್ಕುವ ಬ್ರಷ್ಷಿನಂಥ ಬಿರುಗೂದಲು,
ಮೇಲಿಂದ ಸಣ್ಣ ಪೈಪು ತೊಟ್ಟಿಕ್ಕಿಸುವ ನೀರು.
ತುದಿಗೊಂದು ಪೆಟ್ಟಿಗೆ. ವಾರಕ್ಕೊಮ್ಮೆ ತೆರೆದು ಎಣಿಸಬೇಕು.
ಬಸ್ ಡಿಪೋದ ಪಾಳಿ ಮುಗಿಸಿ ನೇರ ಬರುವ ಎಬೆಲೆ
ಆಕಳಿಸುತ್ತ ಟಾರ್ಚು ಹಿಡಿಯುತ್ತಾಳೆ.

ಏಪ್ರಿಲ್ ಎಂಟು: ಸೊನ್ನೆ.
ಹದಿನೈದು: ಸೊನ್ನೆ. ಒಂದು ಚಿಪ್ಸ್ ಪೊಟ್ಟಣ.
ಇಪ್ಪತ್ತೆರಡು: ಸೊನ್ನೆ.
ಮೇ ಬರುವಷ್ಟರಲ್ಲಿ ನನ್ನ ಕೈಬರಹವೇ ದುಂಡಗಾಗಿತ್ತು.
"ಸೊನ್ನೆಯೂ ಲೆಕ್ಕವೇ" ಎಂದಳು ಎಬೆಲೆ.
ಲೆಕ್ಕವೇ. ಆದರೆ
ಎಷ್ಟು ಸೊನ್ನೆ ಕೂಡಿದರೆ ಹಳ್ಳ?

ನಿನ್ನೆ, ಪೆಟ್ಟಿಗೆಯ ಮೂಲೆಯಲ್ಲಿ,
ಬೂಟಿನ ದಾರ ಅಂದುಕೊಂಡು ಎಸೆಯಲಿದ್ದೆ.
ದಾರ ತಿರುಗಿ ನೋಡಿತು.

ಬಿಳಿ ತಟ್ಟೆಗೆ ಸುರಿದೆವು. ಅರ್ಧ ಗಾಜು, ಅರ್ಧ ಹೊಗೆ.
ಒಳಗೆ ಬೆನ್ನೆಲುಬಿನ ಗೆರೆ,
ಕಿವಿರ ಬಳಿ ಮಿಡಿಯುವ ಚುಕ್ಕೆಯೊಂದು, ಕೆಂಪು,
ಅಪ್ಪನ ಸೋಮವಾರದ ಕೆಂಪಲ್ಲ.
ಎಪ್ಪತ್ತು ಮಿಲಿಮೀಟರು. ಎರಡು ಸಲ ಅಳೆದೆ.

ಒಡ್ಡಿನ ಮೇಲ್ಬದಿಗೆ ಬಕೆಟ್ ಬಗ್ಗಿಸಿದಾಗ
ಬಾಡಿಗೆ ಮನೆಗೆ ಬಂದವರ ಹಾಗೆ
ಅತ್ತ ಇತ್ತ ನೋಡದೆ ಕಲ್ಲಿನಡಿ ಸೇರಿಕೊಂಡಿತು.
"ಇಪ್ಪತ್ತು ವರ್ಷ ಇದ್ದರೂ ಇದ್ದೀತು," ಎಂದಳು,
"ಆಮೇಲೆ ಮತ್ತೆ ಸಮುದ್ರ."
ಇಪ್ಪತ್ತು ವರ್ಷ.
ನನ್ನದನ್ನು ಕೂಡಿಸಲು ಹೋಗಿ, ಬಿಟ್ಟೆ.

ಪುಸ್ತಕ ತೆರೆದರೆ, ರೂಢಿ ನೋಡಿ,
ಮೊದಲು ಸೊನ್ನೆಯೇ ಬಂತು.
ಹೊಡೆದುಹಾಕಿ, ಪಕ್ಕದಲ್ಲಿ ಒಂದು ಗೆರೆ ಎಳೆದೆ.
ಚಳಿಗೆ ಕೈ ನಡುಗಿ ಡೊಂಕಾಯಿತು.
ಎಬೆಲೆ ರಬ್ಬರು ಚಾಚಿದಳು.
ಬೇಡ ಅಂದೆ.