ಕಲ್ಲುಪ್ಪಿನ ಗಂಟು

ನಾಮ್ ದಿನ್ ಕಡಲಂಚಿನಲ್ಲಿ
ಉಪ್ಪು ಬೆಳೆಯುವವರಿಗೆ ಮೋಡ ಕಂಡರಾಗದು.
ನಾಯಿ ಕೂಡ ನೆರಳು ಬಿಟ್ಟೇಳದ ನಡುಹಗಲು
ನಾವು ಗದ್ದೆಗಿಳಿಯುತ್ತೇವೆ,
ಕಣ್ಣು ಬಿಟ್ಟು ಮೈಯೆಲ್ಲ ಸುತ್ತಿಕೊಂಡು.

ಹದಿನಾಲ್ಕರ ನನಗೆ ಆ ಬಿಸಿಲಲ್ಲೂ
ಕಿಬ್ಬೊಟ್ಟೆಯೊಳಗೆ ಯಾರೋ ಒದ್ದೆಬಟ್ಟೆ ಹಿಂಡುತ್ತಿದ್ದರು.
ತಣ್ಣನೆಯ ಬಟ್ಟೆ.
ಬೆನ್ನು ಬೇಯುತ್ತಿತ್ತು, ಹೊಟ್ಟೆ ನಡುಗುತ್ತಿತ್ತು.
ಇಷ್ಟೊಂದು ಕಾವಿದ್ದೂ ಒಳಗಿಳಿಯದು ಯಾಕೆ ಎಂದು
ಹೇಳಬೇಕಾದವಳು
ನನಗೆ ಮೂರು ತುಂಬುವ ಮೊದಲೇ ಹೋಗಿದ್ದಳು.
ಮನೆಯಲ್ಲಿ ಉಳಿದದ್ದು ಅಪ್ಪ,
ಮತ್ತೆ ಉಪ್ಪು.

ಅಪ್ಪ ಏನೂ ಕೇಳಲಿಲ್ಲ.
ಉಪ್ಪುನೀರಿನ ಅಡ್ಡೆ ಹೊತ್ತ ನನ್ನ ಹೆಜ್ಜೆ
ಎಲ್ಲಿ ಅಳುಕಿತೆಂದು ನೋಡಿದ, ಅಷ್ಟೆ.
ಸಂಜೆ ಖುಯೆನ್ ಅತ್ತೆಯ ಬೇಲಿಗೊರಗಿ
ಗಾಳಿಯ ದಿಕ್ಕಿನ ಬಗ್ಗೆ ಬಹಳ ಹೊತ್ತು ಮಾತಾಡಿದ.
ಮರಳುವಾಗ ಕೈಯಲ್ಲಿ ಮಾಚಿಪತ್ರೆಯ ಕಟ್ಟು.

ಒಣಬಾಣಲೆಯಲ್ಲಿ ಉಪ್ಪು ಸಿಡಿಯುವುದನ್ನು ಕೇಳಿದ್ದೀರಾ?
ಮೊದಲು ಒಂದೊಂದು ಹರಳು, ಅಂಜುತ್ತಂಜುತ್ತ,
ಆಮೇಲೆ ಇಡೀ ಬಾಣಲೆಯೇ ಜಗಳಕ್ಕೆ ನಿಂತ ಹಾಗೆ.
ಪುಡಿ ಉಪ್ಪು ಕಾವು ಹಿಡಿಯದು, ಅವನಿಗೆ ಗೊತ್ತು.
ವ್ಯಾಪಾರಿ ಚೌಕಾಸಿ ಮಾಡದೆ ಒಯ್ಯುವ ದಪ್ಪ ಹರಳು,
ಅದನ್ನೇ ಎರಡು ಬೊಗಸೆ ಸುರಿದ.
ಎಲೆ ಕಂದಿ, ಕಹಿ ಹೊಗೆ ಸೂರು ಹತ್ತಿ,
ಹಳೆಯ ಅಂಗಿಯ ತೋಳಲ್ಲಿ ತುಂಬಿ ಬಿಗಿದು
ನನ್ನ ಬಾಗಿಲಾಚೆ ಇಟ್ಟು
ಎರಡು ಸಲ ಕೆಮ್ಮಿ ಹೊರಟುಹೋದ.

ಹೊಟ್ಟೆಯ ಮೇಲಿಟ್ಟುಕೊಂಡೆ.
ಮೊದಲು ಭಾರ. ಆಮೇಲೆ ಬಿಸಿ.
ಆಮೇಲೆ, ಹಿಂಡುತ್ತಿದ್ದ ಕೈ
ಬೇರೇನೋ ಕೆಲಸ ನೆನಪಾದಂತೆ
ಬಟ್ಟೆ ಕೆಳಗಿಟ್ಟಿತು.

ಅಲ್ಲಿಂದ ತಿಂಗಳು ತಿಂಗಳೂ ಕೆಮ್ಮು.
ನನಗೇ ಲೆಕ್ಕ ತಪ್ಪಿದರೂ ಅವನಿಗೆ ತಪ್ಪುತ್ತಿರಲಿಲ್ಲ,
ಹುಣ್ಣಿಮೆಯ ಉಬ್ಬರ ಗೊತ್ತಿದ್ದವನು.
ಒಮ್ಮೆ ಮಾತ್ರ ಕಾವು ಮೀರಿ
ತೋಳು ಸೀದು, ಹೊಕ್ಕುಳ ಕೆಳಗೆ
ಹುಣಸೆಬೀಜದಷ್ಟು ಕಲೆ ಬಿತ್ತು.
ಮರುತಿಂಗಳಿಂದ ಗಂಟನ್ನು
ತನ್ನ ಕೆನ್ನೆಗೊತ್ತಿ ನೋಡಿಯೇ ಇಡುತ್ತಿದ್ದ.
(ಬಾಗಿಲ ಸಂದಿಯಿಂದ ಕಂಡೆ. ಇವತ್ತಿನವರೆಗೂ ಹೇಳಿಲ್ಲ.)

ಹತ್ತೊಂಬತ್ತನೆಯ ವರ್ಷ, ಮಳೆಗಾಲದ ಬಾಯಲ್ಲಿ,
ಗಂಟು ಮೂರು ಸಲ ಕಾದು ಮೂರು ಸಲ ಆರಿತು.
ನಾಲ್ಕನೆಯ ಸಲ ಅವನು ಬಾಣಲೆ ಮುಟ್ಟಲಿಲ್ಲ.
ಆಕಾಶ ಕಪ್ಪಾಗುತ್ತಿತ್ತು, ಗದ್ದೆಯಲ್ಲಿ ದಿನದ ಬೆಳೆಯೆಲ್ಲ
ಇನ್ನೂ ಬಾಚದೆ ಬಿದ್ದಿತ್ತು.
ಮೋಟಾರುಬೈಕಿನ ಹಿಂದೆ ನನ್ನನ್ನು ಕೂರಿಸಿ
ಆಸ್ಪತ್ರೆಯ ದಾದಿಯೆದುರು ಚಪ್ಪಲಿ ಕೈಯಲ್ಲಿ ಹಿಡಿದು ನಿಂತು
ಎಲ್ಲರಿಗೂ ಕೇಳುವ ಹಾಗೆ ಅಂದ:
"ಉಪ್ಪು ಸೋತಿತು."

ದಾದಿ ನಗಲಿಲ್ಲ.
ಉಪ್ಪು ಬಿಡಬೇಡಿ, ಅದು ಮಾಡುವಷ್ಟು ಮಾಡುತ್ತದೆ ಅಂದಳು.
ಒಳಗಾಲಿನ ಹರಡಿನಿಂದ ನಾಲ್ಕು ಬೆರಳು ಮೇಲೆ,
ಎಲುಬಿನ ಹಿಂಬದಿ, ಹೆಬ್ಬೆರಳೊತ್ತಿ ತೋರಿಸಿದಳು.
ಆದರೆ ಬಿಸಿಗೂ ಬಗ್ಗದ ನೋವಿಗೆ
ಬೇರೆ ಹೆಸರಿರಬಹುದು,
ಅದನ್ನು ಹುಡುಕದೆ ಮನೆಗೆ ಕಳಿಸುವುದಿಲ್ಲ, ಅಂದಳು.
ಹುಡುಕಿದರು. ಸಿಕ್ಕಿತು. ಅದು ಬೇರೆ ಕಥೆ,
ಹೊಲಿಗೆಯ ಗುರುತು ಸಣ್ಣದು.

ಆ ದಿನದ ಬೆಳೆಯೆಲ್ಲ ಮಳೆಯಲ್ಲಿ ಕರಗಿತು.
ಅಪ್ಪ ಅದರ ಬಗ್ಗೆ ಕೆಮ್ಮಲೂ ಇಲ್ಲ.

ಈಗಲೂ ಕೆಲವು ತಿಂಗಳು ಬಾಣಲೆ ಇಡುತ್ತೇನೆ.
ಹುಣಸೆಬೀಜದ ಕಲೆಯನ್ನು ಗಂಡ ಕೇಳಿದ, ಏನಿದು?
ಅಕ್ಷರ ಬಾರದ ಅಪ್ಪ
ನನಗೆ ಬರೆದದ್ದು ಅಂದೆ.