ಪೊರೆ

ತೇಗದ ಎಲೆ ಬಿಚ್ಚಿ ಮೇಜಿನ ಮೇಲಿಟ್ಟಳು ಜಲಜಾಕ್ಷಿ.
ಬಂಗುಡೆಯೆಂದುಕೊಂಡೆ.
ಮೀನಲ್ಲ. ಅಂಗೈಯಗಲದ ಒಂದು ಪೊರೆ,
ಆರಿದ ಹಾಲಿನ ಕೆನೆಯಂತೆ ಸುಕ್ಕುಗಟ್ಟಿದ್ದು,
ಒಂದು ಮಗ್ಗುಲು ಬಿಳಿ,
ಇನ್ನೊಂದಕ್ಕೆ ಮೆತ್ತಿದ ತುಕ್ಕಿನ ಹುಡಿ.
'ನೀನೇ ಹಿಡಿದ ಮೀನು ಮಾರಾಯ, ಗುರ್ತು ಸಿಕ್ತಾ?'

ಸಿಕ್ಕಿತು.
ಎರಡು ವರ್ಷದ ಹಿಂದಿನ ಆಷಾಢದಲ್ಲಿ
ಇದೇ ಕುರುವಳ್ಳಿಯ ತಗಡಿನ ಮಾಡಿನ ಕೆಳಗೆ
ಅವಳ ಯೆಜ್ಡಿಯ ಟ್ಯಾಂಕಿನೊಳಗೆ ಸುರಿದವನು ನಾನೇ.
ಎರಡು ಡಬ್ಬಿಯದನ್ನೂ ಕಲಸಿ,
ಟ್ಯಾಂಕನ್ನು ಕೂಸಿನ ಹಾಗೆ ತೊಡೆಯ ಮೇಲೆ
ಮಗುಚಿ ಮಗುಚಿ ಮೂಲೆ ಮೂಲೆಗೂ ಹರಿಸಿ,
'ಇನ್ನು ಈ ಜನ್ಮದಲ್ಲಿ ಸೋರಲ್ಲ ಅಕ್ಕ' ಅಂದವನೂ ನಾನೇ.
ಬಿಲ್ಲಿನಲ್ಲಿ ಬರೆದುಕೊಟ್ಟಿದ್ದೆ ಬೇರೆ.

ಪೊರೆಯಲೆಂದು ಬಳಿದದ್ದು
ಪೊರೆಯಾಗಿ ಎದ್ದು ತೇಲಿ
ಆಗುಂಬೆ ಘಾಟಿಯ ಒಂಬತ್ತನೇ ತಿರುವಿನಲ್ಲಿ
ಪೆಟ್ರೋಲ್ ಕಾಕಿನ ಬಾಯಿ ಒತ್ತಿ ಹಿಡಿದಿತ್ತು.
ಬೆಳಗಿನ ಐದೂವರೆ. ಹಿಂದೆ ಎರಡು ಪೆಟ್ಟಿಗೆ ಬೂತಾಯಿ,
ಹನಿಯುವ ಐಸು, ಬೆನ್ನಿಗೇ ಬಸ್ಸಿನ ಹಾರ್ನು.

ಬೈಯಲಿಲ್ಲ ಅವಳು. ಬೈದಿದ್ದರೆ ನನ್ನಲ್ಲಿ ಉತ್ತರವಿತ್ತು:
ಈಗಿನ ಪೆಟ್ರೋಲಿಗೆ ಸ್ಪಿರಿಟ್ಟು ಬೆರೆಸುತ್ತಾರೆ,
ಅದು ಗಾಳಿಯ ನೀರು ಕುಡಿಯುತ್ತದೆ,
ಅಂಟನ್ನು ಮೆತ್ತಗೆ ಮಾಡುತ್ತದೆ.
ಎಲ್ಲ ನಿಜವೇ.
ನಿಜದ ಹಿಂದೆ ಅಡಗಿಕೊಳ್ಳಲು ಜಾಗ ಚೆನ್ನಾಗಿರುತ್ತದೆ.

ಆದರೆ ಮೂಲೆಯ ಸ್ಟೂಲಿನಲ್ಲಿ ಇನಾಸಣ್ಣ ಇದ್ದಾನಲ್ಲ,
ನನ್ನ ಕೈಗೆ ಸ್ಪ್ಯಾನರ್ ಕೊಟ್ಟವ, ಈಗ ಕಣ್ಣು ಮಬ್ಬು.
ಪೊರೆಯನ್ನು ಬೆರಳಲ್ಲಿ ಉಜ್ಜಿ, ಮೂಸಿ,
'ಒಣಗಿಸಿದ್ದು ಯಾವುದರಲ್ಲಿ?' ಎಂದ.
ಬ್ಯೂಟಿ ಪಾರ್ಲರಿನ ಪ್ರಮೀಳಾ ಕೊಟ್ಟ ಡ್ರೈಯರಿನಲ್ಲಿ.
'ಎಷ್ಟು ಹೊತ್ತು?'
ಕರೆಂಟು ಹೋಗುವ ತನಕ.

ಮತ್ತೇನೂ ಕೇಳಲಿಲ್ಲ.
ಟ್ಯಾಂಕಿನ ಹೊಟ್ಟೆಯಡಿ, ಬೆಸುಗೆಯ ಮಡಿಕೆಯಲ್ಲಿ
ಒಂದು ಚಮಚ ನೀರು ಉಳಿದಿತ್ತು. ನನಗೆ ಗೊತ್ತಿತ್ತು.

ಮೂರು ದಿನ ಥಿನ್ನರ್ ಕುಡಿಸಿದೆ,
ಹಳೆ ಸೈಕಲ್ ಚೈನು ಹಾಕಿ ಕುಲುಕಿದೆ.
ಬೇಕಾದಾಗ ಬಿಟ್ಟುಬಂದದ್ದು
ಬೇಡವೆಂದಾಗ ಅರ್ಧಕ್ಕರ್ಧ ಕಚ್ಚಿಕೊಂಡೇ ಕೂತಿತು.
ನಾಲ್ಕನೇ ದಿನ ನೋಡಲು ಬಂದವಳು ನಕ್ಕಳು:
'ತಲೆಯಿಂದ ಬಾಲಕ್ಕೆ ಕೆರೆದರೆ ಯಾವ ಪೊರೆ ಏಳ್ತದೆ?'
ಟ್ಯಾಂಕು ತಿರುವಿದೆ. ಕಾಕಿನ ತೂತಿನಿಂದ
ಬಗ್ಗಿಸಿದ ಕಡ್ಡಿ ತೂರಿಸಿ ಅಂಚು ಎಬ್ಬಿಸಿದೆ.
ಬಂತು, ಹಾವು ಕಳಚಿದ ಹಾಗೆ.

ಆಮೇಲೆ ಉಪ್ಪಾಗೆ ಹುಳಿ ಕುದಿಸಿ ಎರಡು ರಾತ್ರಿ.
(ಸಾರಿಗೆ ಹಾಕುವುದನ್ನು ಇದಕ್ಕಾ ಎಂದು ಅವಳಿಗೆ ಸಂಕಟ.)
ಸೋಡಾ ನೀರು, ಬಿಸಿನೀರು,
ಮಾರ್ಗಶಿರದ ಮೂರು ಹಗಲಿನ ಬಿಸಿಲು.
ಒಳಗೆ ಪುಟ್ಟ ಬಲ್ಬು ಇಳಿಸಿ ಶಟರ್ ಎಳೆದರೆ
ನಾಲ್ಕು ಸೂಜಿತೂತು, ನಾಲ್ಕು ಚುಕ್ಕಿ.
ತೂತಿನಂಚಿನ ತನಕ ನೀರು ತುಂಬಿ
ಉಸಿರು ಕಟ್ಟಿ ಒಂದೊಂದನ್ನೇ ಸೀಸದಲ್ಲಿ ಮುಚ್ಚಿದೆ,
ಮತ್ತೆ ಬಿಸಿಲಿಗಿಟ್ಟೆ.

ಒಳಗೆ ಈ ಸಲ ಏನೂ ಬಳಿಯಲಿಲ್ಲ.
ಟೂ ಸ್ಟ್ರೋಕ್ ಎಣ್ಣೆ ಒಂದು ಲೋಟ ಸುತ್ತಾಡಿಸಿ
ಬರಿ ತಗಡನ್ನು ಬರಿ ತಗಡಾಗಿಯೇ ಬಿಟ್ಟೆ.
ಬಿಲ್ಲಿನ ಕೆಳಗೆ ಬರೆದೆ:
ಗ್ಯಾರಂಟಿ ಇಲ್ಲ. ಖಾಲಿ ನಿಲ್ಲಿಸಬಾರದು.
ಅಮಾವಾಸ್ಯೆಗೊಮ್ಮೆ ಮುಚ್ಚಳ ತೆಗೆದು ತೋರಿಸುವುದು.

ಬೆರಳಿಟ್ಟು ಓದಿದಳು.
'ನಾನೂ ಮೀನಿಗೆ ಗ್ಯಾರಂಟಿ ಕೊಡಲ್ಲ,
ಕಿವಿರು ಎತ್ತಿ ತೋರಿಸ್ತೇನೆ, ಅಷ್ಟೇ.'

ಎರಡೇ ಕಿಕ್ಕಿಗೆ ನೀಲಿ ಹೊಗೆ.
ತುಂಗೆಯ ಸೇತುವೆ ದಾಟುವ ತನಕ
ಕಿವಿಯಾನಿಸಿ ಕೂತಿದ್ದ ಇನಾಸಣ್ಣ
'ಎಡದ ಸೈಲೆನ್ಸರ್ ಸಡಿಲ' ಎಂದ.